ಟಕ್‌ಟಕ್ ಮೇಸ್ತ್ರಿ ಆರಿಸಿದ ಸೆಟ್ಟು

ಮೇಸ್ತ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಕಾಡಿನ ಕೆಲಸಕ್ಕೆ ಹೊಸ ವಾಕಿಟಾಕಿ ಆರಿಸುವ ಜವಾಬ್ದಾರಿಯನ್ನು ಮ್ಯಾನೇಜರು ಹುಡುಕಿ ಹುಡುಕಿ ಇವನ ತಲೆಗೇ ಕಟ್ಟಿದರಲ್ಲ, ಆ ತಮಾಷೆ ಪೂರ್ತಿ ದಕ್ಕುವುದಿಲ್ಲ. ಪಾಪ, ಮ್ಯಾನೇಜರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಮರ ಕಡಿದವನು, ಗುಡ್ಡದ ಒಂದೊಂದು ಮಡಿಕೆಯನ್ನೂ ಬಲ್ಲವನು, ಇವನನ್ನು ಬಿಟ್ಟು ಇನ್ಯಾರನ್ನು ಕೇಳುವುದು ಅಂತ ಅವರು ಅಂದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ.

ರಸ್ತೆ ಮುಗಿದು ಕಾಡು ಶುರುವಾಗುವ ಕಡೆ ಅವರ ಕಚೇರಿ. ತಗಡಿನ ಸೂರಿನ ಎರಡು ಕೋಣೆ. ಮೊದಲನೆಯದರಲ್ಲಿ ಮ್ಯಾನೇಜರ ಮೇಜು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗೋಡೆಯುದ್ದಕ್ಕೂ ಕೆಸರು ಮೆತ್ತಿದ ಬೂಟುಗಳು. ಎರಡನೆಯದರಲ್ಲಿ ದೊಡ್ಡ ವೈರ್‌ಲೆಸ್ ಸೆಟ್ಟು, ಒಂದು ಕಿಟಕಿ, ಒಂದು ಗೋಡೆ ಗಡಿಯಾರ, ಒಂದು ದಪ್ಪ ದಾಖಲೆ ಪುಸ್ತಕ, ಮತ್ತು ಅವುಗಳ ನಡುವೆ ಮೇಸ್ತ್ರಿಯ ಹೆಂಡತಿ. ವಾಕಿಟಾಕಿಯಲ್ಲಿ ಅವಳ ಹೆಸರು ‘ಬೇಸ್’. ಮನೆಯಲ್ಲಿ ಗಂಡನನ್ನು ಅರೆದು ನೀರು ಕುಡಿಸುವ ಬಾಯಿ, ಸೆಟ್ಟಿನ ಮುಂದೆ ಕೂತರೆ ಸಾಕು, ‘ಮೇಸ್ತ್ರಿಗಳೇ, ದಯವಿಟ್ಟು ಗಮನಿಸಿ’ ಅನ್ನುತ್ತಿತ್ತು. ಈ ಮರ್ಯಾದೆಯನ್ನು ಮನೆಗೂ ಸ್ವಲ್ಪ ಕಟ್ಟಿಕೊಂಡು ಬಾ ಅಂತ ಮೇಸ್ತ್ರಿ ಎಷ್ಟೋ ಸಲ ಕಾಲೆಳೆದಿದ್ದ.

ಕೆಲಸ ನಡೆಯುತ್ತಿದ್ದುದು ಹೀಗೆ. ಗುಡ್ಡದ ಮೇಲೆ ಒಂದು ತಂಡ ಮರ ಕಡಿದು, ದಿಮ್ಮಿ ಮಾಡಿ, ಕೊರಕಲಿನೊಳಗೆ ಉರುಳಿಸಿಬಿಡುತ್ತಿತ್ತು. ಕೆಳಗೆ ಮೇಸ್ತ್ರಿಯ ತಂಡ ಆ ದಿಮ್ಮಿಗಳಿಗೆ ಹಗ್ಗ ಬಿಗಿದು, ಎಳೆದು, ರಸ್ತೆ ಪಕ್ಕ ಒಟ್ಟುತ್ತಿತ್ತು. ಎರಡು ತಂಡಗಳ ನಡುವೆ ಗುಡ್ಡದ ಹೊಟ್ಟೆ ಅಡ್ಡ. ಹಾಗಾಗಿ ಮೇಲಿನವರ ಸೆಟ್ಟು ಕೆಳಗಿನವರಿಗೆ ಸಿಗುತ್ತಿರಲಿಲ್ಲ, ಕೆಳಗಿನದು ಮೇಲಿನವರಿಗೆ ಸಿಗುತ್ತಿರಲಿಲ್ಲ. ಕಚೇರಿಯ ಕಂಬದ ಮೇಲಿದ್ದ ಆಂಟೆನಾಗೆ ಮಾತ್ರ ಇಬ್ಬರೂ ಸಿಗುತ್ತಿದ್ದರು. ಮೇಲಿನ ಮಾತು ಕೆಳಗೆ ಹೋಗಬೇಕಾದರೆ ಬೇಸ್ ಬಾಯಿಂದಲೇ ಹೋಗಬೇಕು. ‘ಉರುಳಿಸುವುದು ಮುಗಿದಿದೆ, ಒಳಗೆ ಇಳಿಯಬಹುದು’ ಅಂತ ಅವಳು ಹೇಳುವ ತನಕ ಕೆಳಗಿನವರು ಯಾರೂ ಕೊರಕಲಿಗೆ ಕಾಲಿಡುವಂತಿರಲಿಲ್ಲ. ಸಾಮಾನ್ಯವಾಗಿ ಆ ಮಾತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬರುತ್ತಿತ್ತು.

ಇನ್ನು ಟಕ್‌ಟಕ್ ವಿಷಯ. ಹಳೆಯ ಸೆಟ್ಟುಗಳ ಬ್ಯಾಟರಿ ಮಧ್ಯಾಹ್ನಕ್ಕೆಲ್ಲ ಉಸಿರು ಬಿಡುತ್ತಿದ್ದ ಕಾಲವೊಂದಿತ್ತು. ಕೇಳಿಸಿಕೊಂಡರೆ ಬ್ಯಾಟರಿ ಹೆಚ್ಚು ಖರ್ಚಾಗುವುದಿಲ್ಲ, ಮಾತಾಡಿದರೆ ಆಗುತ್ತದೆ. ಅದಕ್ಕೆ ಮೇಸ್ತ್ರಿಯೇ ಒಂದು ಉಪಾಯ ಹುಡುಕಿದ. ಬೇಸ್ ಹೇಳಿದ್ದು ಕೇಳಿಸಿತು ಅಂತ ತಿಳಿಸಲು ಬಾಯಿ ಬಿಡಬೇಕಾಗಿಲ್ಲ, ಮಾತಿನ ಗುಂಡಿಯನ್ನು ಎರಡು ಸಲ ಒತ್ತಿ ಬಿಟ್ಟರಾಯಿತು. ಅತ್ತ ಬೇಸ್‌ನಲ್ಲಿ ‘ಟಕ್ ಟಕ್’ ಅನ್ನುತ್ತದೆ. ಅವಳು ಪುಸ್ತಕದಲ್ಲಿ ಗಂಟೆ ಬರೆದು ಪಕ್ಕದಲ್ಲಿ ಒಂದು ಗೀಟು ಎಳೆಯುತ್ತಾಳೆ. ಒಂದೇ ತಿಂಗಳಲ್ಲಿ ಎಲ್ಲ ತಂಡದವರೂ ಇದನ್ನೇ ಹಿಡಿದರು, ಇವನಿಗೆ ಟಕ್‌ಟಕ್ ಮೇಸ್ತ್ರಿ ಅಂತ ಹೆಸರೂ ಬಿತ್ತು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಆಮೇಲೆ ಒಳ್ಳೆಯ ಬ್ಯಾಟರಿ ಬಂದವು, ಟಕ್ ಟಕ್ ಮಾತ್ರ ಹೋಗಲಿಲ್ಲ.

ಕಿವಿ ಹೋದದ್ದು ಒಂದು ದಿನದಲ್ಲಲ್ಲ. ಮೋಟರ್ ಗರಗಸವನ್ನು ಮೂವತ್ತು ವರ್ಷ ಕಿವಿಯ ಪಕ್ಕ ಇಟ್ಟುಕೊಂಡರೆ ಇನ್ನೇನಾಗುತ್ತದೆ? ಕಿವಿಗೆ ಹಾಕುವ ಮುಚ್ಚಳ ಕೊಟ್ಟಿದ್ದರು, ಅದು ಕಚೇರಿ ಗೋಡೆಯಲ್ಲಿ ಬೂಟುಗಳ ಮೇಲಿದ್ದ ಮೊಳೆಯಲ್ಲಿ ಹೊಸದಾಗಿಯೇ ನೇತಾಡುತ್ತಿತ್ತು. ಸಣ್ಣ ಸದ್ದುಗಳು ಮೊದಲು ಹೋದವು. ಕೈಗಡಿಯಾರದ ಅಲಾರಂ ಹೋಯಿತು, ಹಾಲು ಉಕ್ಕುವ ಸದ್ದು ಹೋಯಿತು. ಗಂಡಸರ ದಪ್ಪ ದನಿ ಹೇಗೋ ಒಳಗೆ ಬರುತ್ತಿತ್ತು. ಹೆಂಗಸರ ದನಿ, ಅದರಲ್ಲೂ ಅವನ ಹೆಂಡತಿಯ ತೆಳು ದನಿ, ಎಲ್ಲೋ ಯಾರೋ ಕಾಗದ ಹರಿದ ಹಾಗೆ ಕೇಳಿ ಸುಮ್ಮನಾಗುತ್ತಿತ್ತು. ಮನೆಯಲ್ಲಿ ಅವನು ಎಲ್ಲದಕ್ಕೂ ‘ಹೂಂ’ ಅನ್ನಲು ಕಲಿತ. ತಂಗಿ ಬರುತ್ತಾಳೆ ಅಂದರೆ ಹೂಂ, ಬಾಗಿಲ ಚಿಲಕ ಸಡಿಲವಾಗಿದೆ ಅಂದರೆ ಹೂಂ, ನನಗೆ ಮೈ ಹುಷಾರಿಲ್ಲ ಅಂದರೂ ಹೂಂ. ಆ ಮೂರನೆಯ ಹೂಂಗೆ ಅವಳು ಎರಡು ದಿನ ಮಾತು ಬಿಟ್ಟಳು. ಯಾಕೆ ಅಂತ ಅವನಿಗೆ ಅರ್ಥವಾಗಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ಬರಬರುತ್ತಾ ಅವಳು ಅವನಿಗೆ ಏನನ್ನೂ ಹೇಳುವುದನ್ನೇ ಬಿಟ್ಟಳು.

ಹೇಳಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಅವನಿಗಿಂತ ಮುಂಚಿನ ಮೇಸ್ತ್ರಿಗೆ ಕಣ್ಣು ಮಂಜಾದಾಗ ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಲಾರಿ ಬಂದಾಗ ಎದ್ದು ಅಡ್ಡಗಂಬ ಎತ್ತುವುದು, ಹೋದಾಗ ಇಳಿಸುವುದು. ಆ ಮನುಷ್ಯ ಒಂದೇ ವರ್ಷದಲ್ಲಿ ಹತ್ತು ವರ್ಷದಷ್ಟು ಮುದುಕನಾದ. ಆ ಕುರ್ಚಿ ಈಗ ಖಾಲಿ ಇತ್ತು, ದಿನಾ ಬೆಳಿಗ್ಗೆ ಅದನ್ನು ದಾಟಿಯೇ ಮೇಸ್ತ್ರಿ ಒಳಗೆ ಬರಬೇಕಿತ್ತು. ವರ್ಷಕ್ಕೊಮ್ಮೆ ಬರುವ ಡಾಕ್ಟರು ಎದುರಿಗೇ ನಿಂತು ‘ಕೇಳಿಸ್ತಾ?’ ಅನ್ನುತ್ತಿದ್ದರು, ಅವನು ಅವರ ತುಟಿ ನೋಡಿ ತಲೆಯಾಡಿಸುತ್ತಿದ್ದ. ಕಾಡಿನಲ್ಲಿ ಬೇಸ್ ಏನು ಹೇಳುತ್ತಾಳೆ ಅಂತ ಗಡಿಯಾರವೇ ಹೇಳುತ್ತಿತ್ತು. ಒಂಬತ್ತಕ್ಕೆ ತಲೆ ಎಣಿಕೆ, ಹನ್ನೊಂದಕ್ಕೆ ಇಳಿಯಿರಿ, ಒಂದಕ್ಕೆ ಊಟ. ಸೆಟ್ಟು ಕೆರೆದಾಗ ಗಂಟೆ ನೋಡಿ ಟಕ್ ಟಕ್ ಅನ್ನಿಸಿದರೆ ಮುಗಿಯಿತು. ತಾನೇ ಮಾಡಿದ ಉಪಾಯ ತನ್ನನ್ನೇ ಇಷ್ಟು ಚೆನ್ನಾಗಿ ಮುಚ್ಚಿಡುತ್ತದೆ ಅಂತ ಅವನು ಕನಸಲ್ಲೂ ಎಣಿಸಿರಲಿಲ್ಲ.

ಹೀಗಿರುವಾಗ ಮ್ಯಾನೇಜರು ಮೂರು ಥರದ ಸೆಟ್ಟು ತರಿಸಿ ಮೇಜಿನ ಮೇಲಿಟ್ಟರು. ‘ಒಂದು ವಾರ ಟೈಮಿದೆ ಮೇಸ್ತ್ರಿ. ನೀವು ಯಾವುದು ಅಂತೀರೋ ಅದು’ ಅಂದರು. ತಂಡದವರು ಅರ್ಧ ಗಂಟೆಯಲ್ಲಿ ಮೂರಕ್ಕೂ ಹೆಸರಿಟ್ಟರು. ಅಂಗೈಯಲ್ಲಿ ಅಡಗುವ, ಮಿಣಮಿಣ ಪರದೆಯ ಚಿಕ್ಕದಕ್ಕೆ ‘ಮದುಮಗಳು’. ತೆಳ್ಳಗೆ, ಉದ್ದ ಆಂಟೆನಾ ಹೊತ್ತು, ಸ್ಪಷ್ಟವಾಗಿ ಮಾತಾಡುವ ಎರಡನೆಯದಕ್ಕೆ ‘ಮೇಷ್ಟ್ರು’. ಕಪ್ಪಗೆ ದಪ್ಪಗಿದ್ದ ಮೂರನೆಯದಕ್ಕೆ ‘ಇಟ್ಟಿಗೆ’.

ಮೇಸ್ತ್ರಿ ಪರೀಕ್ಷೆ ಮಾಡಿದ್ದನ್ನು ನೋಡಬೇಕಿತ್ತು. ಕಿವಿಯೊಂದು ಬಿಟ್ಟರೆ ಆ ಮನುಷ್ಯನಿಗೆ ಯಾವುದರಲ್ಲೂ ಕೊರತೆ ಇರಲಿಲ್ಲ. ಸೆಟ್ಟು ಮಾರುವವನು ಇಸ್ತ್ರಿ ಶರ್ಟು ಹಾಕಿಕೊಂಡು ಬಂದು, ಒಬ್ಬರನ್ನು ಗುಡ್ಡದ ನೆತ್ತಿಗೆ ಕಳಿಸಿ, ತಾನು ಅಂಗಳದಲ್ಲಿ ನಿಂತು ಹಲೋ ಹಲೋ ಅಂದ. ಮೂರು ಸೆಟ್ಟೂ ಗಂಟೆ ಬಾರಿಸಿದ ಹಾಗೆ ಮಾತಾಡಿದವು.

‘ನೆತ್ತಿ ಮೇಲೆ ನಿಂತ್ರೆ ತಗಡಿನ ಡಬ್ಬಾನೂ ಮಾತಾಡುತ್ತೆ ಸ್ವಾಮಿ. ನಮ್ಮ ಕೆಲಸ ಇರೋದು ಕೊರಕಲಲ್ಲಿ. ಮಳೆ ಬಿದ್ದ ಮಾರನೇ ದಿನ, ಎಲೆಯೆಲ್ಲ ಒದ್ದೆ ಇರುವಾಗ ಅಲ್ಲಿಗೆ ಬನ್ನಿ’ ಅಂದ ಮೇಸ್ತ್ರಿ.

ಆಮೇಲೆ ಮೂರನ್ನೂ ಬಕೆಟ್ಟಿನ ನೀರಲ್ಲಿ ಮುಳುಗಿಸಿ ನಿಧಾನವಾಗಿ ಟೀ ಕುಡಿದ. ಸೊಂಟದ ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿದ. ಮಾರುವವನು ಕಣ್ಣು ಮುಚ್ಚಿಕೊಂಡ. ದಪ್ಪ ಕೈಗವಸು ಹಾಕಿಕೊಂಡು ಗುಂಡಿ ಒತ್ತಿ ನೋಡಿದ. ಬೆಳಿಗ್ಗೆ ಹಚ್ಚಿದ್ದನ್ನು ಸಂಜೆ ತನಕ ಆರಿಸದೆ ಬ್ಯಾಟರಿಯ ತಾಕತ್ತು ನೋಡಿದ. ಮದುಮಗಳು ಬಕೆಟ್ಟಿನಲ್ಲಿ ಬದುಕಿಕೊಂಡಳು, ಕೊರಕಲಿಗೆ ಇಳಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮೂಕಿಯಾದಳು. ಉಳಿದ ಎರಡೂ ಒಂದೇ ದೂರಕ್ಕೆ ಸಿಕ್ಕವು.

ಅವೆರಡರಲ್ಲಿ ಯಾವುದು ಅಂತ ನೋಡಲು ಹಗ್ಗದಕ್ಕನನ್ನು ಕರೆದುಕೊಂಡು ಕೊರಕಲಿನ ತಳಕ್ಕೆ ಹೋದ. ಹಗ್ಗದಕ್ಕ ಅವನ ತಂಡದವಳು. ದಿಮ್ಮಿಗೆ ಗಂಟು ಬಿಗಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಬಾಯಲ್ಲೂ ಇಲ್ಲ. ಬೇಸ್ ಅತ್ತಲಿಂದ ಸಾಮಾನುಗಳ ಪಟ್ಟಿ ಓದಿದಳು. ಮೇಷ್ಟ್ರಲ್ಲಿ ಹಗ್ಗದಕ್ಕ ಒಂದನ್ನೂ ಬಿಡದೆ ಹೇಳಿದಳು, ‘ಕೊಡಲಿ, ಕೊಕ್ಕೆ, ಸರಪಳಿ, ಎಣ್ಣೆ ಡಬ್ಬ’. ಮೇಸ್ತ್ರಿಗೆ ಕೇಳಿಸಿದ್ದು ಕಾಗದ ಹರಿಯುವ ಸದ್ದು. ಇಟ್ಟಿಗೆಯನ್ನು ಹಚ್ಚಿದಾಗ ದನಿ ಎದೆಗೇ ಬಂದು ತಟ್ಟಿತು. ಎಷ್ಟೋ ತಿಂಗಳ ಮೇಲೆ ಅದು ತನ್ನ ಹೆಂಡತಿಯ ದನಿ ಅಂತ ಅವನಿಗೆ ಗುರುತು ಹತ್ತಿತು. ಮಾತು ಯಾವುದು ಅಂತ ತಿಳಿಯಲಿಲ್ಲ ಅನ್ನುವುದನ್ನು ಆ ಸಂತೋಷದಲ್ಲಿ ಅವನು ಗಮನಕ್ಕೇ ತಂದುಕೊಳ್ಳಲಿಲ್ಲ.

‘ಇದೇ ಸರಿ’ ಅಂದ.

‘ಇದಾ? ದನಿಯೇನೋ ದೊಡ್ಡದು, ಮಾತೆಲ್ಲ ಕಲಸಿ ಹೋಗುತ್ತೆ. ಇದನ್ನ ಹೊತ್ಕೊಂಡು ಗುಡ್ಡ ಹತ್ತೋಕೆ ಇನ್ನೊಂದು ಆಳು ಇಡ್ತೀರಾ?’ ಅಂತ ಹಗ್ಗದಕ್ಕ ಮೂಗು ಮುರಿದಳು. ಅವಳು ಎದುರಿಗಿದ್ದಳು, ತುಟಿ ಕಾಣುತ್ತಿತ್ತು, ಹಾಗಾಗಿ ಅವನಿಗೆ ತಿಳಿಯಿತು.

‘ಮೇಷ್ಟ್ರ ಗುಂಡಿ ಚಿಕ್ಕದು ಕಣಮ್ಮಾ. ಕೈಗವಸು ಹಾಕಿದ್ರೆ ಸಿಗಲ್ಲ’ ಅಂದ. ಅದು ನಿಜವೇ. ನಿಜದ ಕಾರಣವೊಂದು ಕೈಯಲ್ಲಿದ್ದರೆ ಸುಳ್ಳು ಹೇಳುವುದು ಎಷ್ಟು ಸುಲಭ ನೋಡಿ.

ಮಾರನೆಯ ದಿನ ಇಟ್ಟಿಗೆಯನ್ನು ನಿಜವಾದ ಕೆಲಸದಲ್ಲೇ ನೋಡೋಣ ಅಂತ ಎರಡು ತಂಡಕ್ಕೂ ಅದನ್ನೇ ಕೊಟ್ಟರು. ಬೆಳಿಗ್ಗೆಯಿಂದ ದಿಮ್ಮಿಗಳು ಗಡಗಡ ಉರುಳಿ ಬಂದವು. ಹನ್ನೊಂದಾಗುತ್ತಾ ಬಂದಾಗ ಸದ್ದು ನಿಂತಿತು. ಅಂಗಾಲಿಗೆ ತಿಳಿಯುತ್ತಿದ್ದ ನೆಲದ ಅದುರುವಿಕೆಯೂ ನಿಂತಿತು. ಅವನ ತಂಡದವರು ಇಪ್ಪತ್ತು ಹೆಜ್ಜೆ ದೂರದಲ್ಲಿ ಮೋಟರ್ ಗರಗಸ ಹಚ್ಚಿ ಕೊಂಬೆ ಸವರುತ್ತಿದ್ದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮೇಸ್ತ್ರಿಯ ಎದೆಯ ಮೇಲೆ ಇಟ್ಟಿಗೆ ಮಾತಾಡಿತು. ಹೆಂಡತಿಯ ದನಿ, ದೊಡ್ಡದಾಗಿ, ತುಂಬಿಕೊಂಡು ಬಂತು. ಎರಡು ಸಲ ಬಂತು. ಒಂದು ಅಕ್ಷರವೂ ಬಿಡಿಸಿ ಕೇಳಿಸಲಿಲ್ಲ. ಆದರೇನು, ಹನ್ನೊಂದು ಗಂಟೆ, ಉರುಳುವುದು ನಿಂತಿದೆ, ಇನ್ನೇನು ಹೇಳಿಯಾಳು? ಟಕ್ ಟಕ್ ಅನ್ನಿಸಿದ. ಗರಗಸ ನಿಲ್ಲಿಸಲು ಕೈ ಮಾಡಿ, ‘ನಡೀರಿ, ಇಳೀರಿ’ ಅಂದ.

ಹಗ್ಗದಕ್ಕ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಕೊರಕಲಿಗೆ ಇಳಿದಳು. ಬಗ್ಗಿ ಮೊದಲ ದಿಮ್ಮಿಗೆ ಹಗ್ಗ ಸುತ್ತುತ್ತಿದ್ದಳು. ಆಗ ಮೇಸ್ತ್ರಿಯ ಅಂಗಾಲು ಅದುರಿತು. ಕಿವಿ ಸುಳ್ಳು ಹೇಳಬಹುದು, ಅವನ ಕಾಲು ಯಾವತ್ತೂ ಹೇಳಿದ್ದಿಲ್ಲ. ‘ಬಂಡೆ ಹಿಂದೆ, ಬಂಡೆ ಹಿಂದೆ’ ಅಂತ ಗಂಟಲು ಹರಿಯುವ ಹಾಗೆ ಕೂಗಿದ. ಅವಳು ಯಾಕೆ ಏನು ಅಂತ ಕೇಳದೆ ಪಕ್ಕದ ಬಂಡೆಯ ಹಿಂದಕ್ಕೆ ಬಿದ್ದಳು. ಎರಡಾಳು ತಬ್ಬುವಷ್ಟು ದಪ್ಪದ ದಿಮ್ಮಿ ಅವಳು ನಿಂತಿದ್ದ ಜಾಗವನ್ನು ಉಜ್ಜಿಕೊಂಡು ಹೋಯಿತು, ಹಗ್ಗವನ್ನು ಜೊತೆಗೇ ಎಳೆದುಕೊಂಡು ಹೋಯಿತು. ಅವಳ ಮೊಣಕೈ, ಮೊಣಕಾಲು ತರಚಿ ರಕ್ತ ಬಂತು. ಜೀವ ಉಳಿಯಿತು.

ಬೇಸ್ ಹೇಳಿದ್ದು ಇಷ್ಟು. ಮೇಲೆ ಒಂದು ದಿಮ್ಮಿ ಕಡಿದ ಮರದ ಬುಡಕ್ಕೆ ಸಿಕ್ಕಿಕೊಂಡಿದೆ, ಅದನ್ನು ಈಗ ಬಿಡಿಸುತ್ತಾರೆ, ಯಾರೂ ಒಳಗೆ ಇಳಿಯಬೇಡಿ. ಕೆಳಗಿನಿಂದ ಟಕ್ ಟಕ್ ಬಂತು. ಸರಿ, ಕೇಳಿಸಿಕೊಂಡರು ಅಂತ ಅವಳು ಮೇಲಿನವರಿಗೆ ಬಿಡಿಸಿ ಅಂದಳು. ಆ ಎರಡು ಟಕ್ ಇಲ್ಲದಿದ್ದರೆ ಮೇಲಿನವರು ಕೈಯಿಡುತ್ತಲೇ ಇರಲಿಲ್ಲ.

ಮಧ್ಯಾಹ್ನ ಮ್ಯಾನೇಜರು ಮೇಸ್ತ್ರಿಯನ್ನು ಕಚೇರಿಗೆ ಕರೆಸಿದರು. ಅವನು ಇಟ್ಟಿಗೆಯನ್ನು ಹಗ್ಗದಕ್ಕನ ಕೈಗೆ ಕೊಟ್ಟು ಬಂದ. ಒಳಕೋಣೆಯಲ್ಲಿ ದಾಖಲೆ ಪುಸ್ತಕ ತೆರೆದಿತ್ತು. ಹತ್ತು ಐವತ್ತೈದು, ಪಕ್ಕದಲ್ಲಿ ಗೀಟು. ಹೆಂಡತಿ ಪುಸ್ತಕದ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

‘ನೀವು ಸರಿಯಾಗಿ ಹೇಳಿದ್ರಾ ಅಮ್ಮಾ?’ ಅಂತ ಮ್ಯಾನೇಜರು ಅವಳನ್ನು ಕೇಳುತ್ತಿದ್ದರು. ಅವರದು ದಪ್ಪ ದನಿ, ಮೇಸ್ತ್ರಿಗೆ ಕೇಳಿಸಿತು. ಅವಳು ಎರಡು ಬೆರಳು ಎತ್ತಿದಳು. ಎರಡು ಸಲ ಹೇಳಿದ್ದಳು.

ಮ್ಯಾನೇಜರು, ‘ಹಾಗಾದ್ರೆ ಸೆಟ್ಟಿನದೇ ತಪ್ಪು. ಸೆಟ್ಟು ಕೈಕೊಟ್ಟಿತು ಅಂತ ಬರ್ಕೊಂಡು ವಾಪಸ್ ಕಳಿಸೋಣ. ಏನಂತೀರಿ ಮೇಸ್ತ್ರಿ?’ ಅಂದರು.

ದಾರಿ ಸಲೀಸಾಗಿ ತೆರೆದಿತ್ತು. ಹೂಂ ಅಂದರೆ ಮುಗಿಯಿತು. ಗೇಟಿನ ಕುರ್ಚಿ ಖಾಲಿಯಾಗಿಯೇ ಇರುತ್ತದೆ, ನಾಳೆ ಬೆಳಿಗ್ಗೆ ಅವನು ಮತ್ತೆ ಕೊರಕಲಿನ ಬಾಯಲ್ಲಿ ನಿಂತಿರುತ್ತಾನೆ.

ಅಷ್ಟರಲ್ಲಿ ಹೆಂಡತಿ ತಲೆಯೆತ್ತದೆ ಏನೋ ಅಂದಳು. ಕಾಗದ ಹರಿದ ಸದ್ದು. ಅವಳ ಪೆನ್ನು ನಿಂತಿತು. ಮ್ಯಾನೇಜರು ತನ್ನ ಕಡೆ ನೋಡಿದ್ದು ಕಂಡು, ಏನೋ ಕೇಳಿದ್ದಾಳೆ ಅಂತ ಮೇಸ್ತ್ರಿಗೆ ತಿಳಿಯಿತು. ಅಭ್ಯಾಸಬಲ, ‘ಹೂಂ’ ಅಂದ.

ಅವಳು ತಲೆಯೆತ್ತಿದಳು. ಅವಳು ಕೇಳಿದ್ದು, ‘ನಾನು ಇಳೀಬೇಡಿ ಅಂದಿದ್ದಕ್ಕೆ ಯಾಕ್ರೀ ಟಕ್ ಟಕ್ ಮಾಡಿ ಇಳಿಸಿದ್ರಿ?’ ಅಂತ. ಅದಕ್ಕೆ ಹೂಂ ಅನ್ನುವುದು ಉತ್ತರವಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಚಿಲಕ, ತಂಗಿ, ಹುಷಾರಿಲ್ಲದ ಮೈ, ಎರಡು ವರ್ಷದ ಹೂಂಗಳೆಲ್ಲ ಅವಳ ಕಣ್ಣಲ್ಲಿ ಒಂದೊಂದಾಗಿ ಅರ್ಥವಾಗುತ್ತಾ ಹೋದದ್ದು ಅವನಿಗೆ ಕಂಡಿತು. ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು ಅನ್ನುವ ಹಾಗೆ ಪೆನ್ನನ್ನು ಕೆಳಗಿಟ್ಟಳು.

ಮೇಸ್ತ್ರಿ ಅವಳ ಪಕ್ಕಕ್ಕೆ ಬಂದ. ದೊಡ್ಡ ಸೆಟ್ಟಿನ ಗುಂಡಿ ಒತ್ತಿದ.

‘ನಾನು ಮೇಸ್ತ್ರಿ. ಎರಡೂ ತಂಡದವರು ಕೇಳಿ. ಸೆಟ್ಟು ಕೆಟ್ಟಿಲ್ಲ. ಬೇಸ್ ಸರಿಯಾಗೇ ಹೇಳಿದ್ರು. ಕೆಟ್ಟಿರೋದು ನನ್ನ ಕಿವಿ. ಎರಡು ವರ್ಷ ಆಯ್ತು, ನನಗೆ ಕೇಳಿಸಲ್ಲ. ಕೇಳಿಸದೇನೇ ಟಕ್ ಟಕ್ ಮಾಡ್ತಿದ್ದೆ. ಇವತ್ತಿಂದ ಟಕ್ ಟಕ್ ಇಲ್ಲ. ಬೇಸ್ ಹೇಳಿದ್ದನ್ನ ಪ್ರತಿಯೊಬ್ಬರೂ ಬಾಯ್ಬಿಟ್ಟು ತಿರುಗಿ ಹೇಳ್ಬೇಕು.’

ಗುಂಡಿ ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಗುಡ್ಡದ ಮೇಲಿಂದ ಉತ್ತರ ಬಂತು. ಟಕ್ ಟಕ್.

ಆ ದಪ್ಪ ಸದ್ದು ಅವನಿಗೆ ಇನ್ನೂ ಕೇಳಿಸುತ್ತಿತ್ತು. ಮ್ಯಾನೇಜರಿಗೆ ನಗು ಬಂದು ಕೆಮ್ಮಿದರು.

‘ಬಾಯ್ಬಿಟ್ಟು ಹೇಳಪ್ಪಾ’ ಅಂದ ಮೇಸ್ತ್ರಿ.

ಮೇಲಿನ ತಂಡದ ಮುಂದಾಳು ಉದ್ದಣ್ಣ ಆರಡಿ ಆಳು. ಗರಗಸ ಹಿಡಿಯುವುದನ್ನು ಮೇಸ್ತ್ರಿಯಿಂದಲೇ ಕಲಿತವನು. ಅವನ ದಪ್ಪ ದನಿ ತಡವರಿಸುತ್ತಾ ಬಂತು. ‘ಮೇಸ್ತ್ರಿಗೆ... ಕಿವಿ ಕೇಳಿಸಲ್ಲ. ಎರಡು ವರ್ಷ ಆಯ್ತು. ಸೆಟ್ಟು ಕೆಟ್ಟಿಲ್ಲ. ಬೇಸ್ ಸರಿಯಾಗೇ ಹೇಳಿದ್ರು. ಇವತ್ತಿಂದ ಟಕ್ ಟಕ್ ಇಲ್ಲ.’ ಒಂದೊಂದು ಮಾತನ್ನೂ ಅವನು ಹೇಳಲೇಬೇಕಾಯಿತು, ಮೇಸ್ತ್ರಿ ಕೇಳಲೇಬೇಕಾಯಿತು. ಹೊಸ ನಿಯಮದ ಮೊದಲ ಪೆಟ್ಟು ಅದನ್ನು ಮಾಡಿದವನಿಗೇ ಬಿತ್ತು.

ಆಮೇಲೆ ಕೆಳಗಿನಿಂದ ಕಾಗದ ಹರಿಯಿತು. ಹೆಂಡತಿ ಅವನ ಎದುರಿಗೆ ಬಂದು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. ‘ಹಗ್ಗದಕ್ಕ ಎಲ್ಲಾನೂ ತಿರುಗಿ ಹೇಳಿದ್ಲು. ಕಾಲು ನೋಯ್ತಿದೆಯಂತೆ, ಹೊಸ ಹಗ್ಗ ಬೇಕಂತೆ. ಕೇಳಿಸದೇ ಇದ್ರೂ ಕೂಗಿದ್ರಲ್ಲ, ಅಷ್ಟು ಸಾಕು ಅಂದ್ಲು.’

ಮೇಸ್ತ್ರಿ ಕಣ್ಣೊರೆಸಿಕೊಂಡ. ನಾಚಿಕೆಯೇನೂ ಪಡಲಿಲ್ಲ.

ಮ್ಯಾನೇಜರು ಹೇಳಬೇಕಾದ್ದನ್ನು ಹೇಳಿದರು, ತಡವರಿಸಿಕೊಂಡೇ ಹೇಳಿದರು. ನಾಳೆಯಿಂದ ಕೊರಕಲು ಬೇಡ. ಕೆಳಗಿನ ತಂಡವನ್ನು ಹಗ್ಗದಕ್ಕ ನೋಡಿಕೊಳ್ಳಲಿ. ಸದ್ಯಕ್ಕೆ ಗೇಟು, ಕಿವಿ ಡಾಕ್ಟರಿಗೆ ತೋರಿಸಿ ಆಮೇಲೆ ನೋಡೋಣ. ಮೇಸ್ತ್ರಿ ಎಲ್ಲದಕ್ಕೂ ತಲೆಯಾಡಿಸಿದ. ನೋವಾಯಿತು, ಇಲ್ಲ ಅನ್ನಲಾಗದು. ಮೂವತ್ತೊಂದು ವರ್ಷದ ಕಾಡು ಒಂದು ಮಧ್ಯಾಹ್ನದಲ್ಲಿ ಕೈಬಿಟ್ಟು ಹೋಯಿತು. ಆದರೆ ಒಪ್ಪಿಕೊಂಡಿದ್ದ ಕೆಲಸವೊಂದು ಇನ್ನೂ ಬಾಕಿ ಇತ್ತು. ಹೊರಕೋಣೆಯ ಮೇಜಿನ ಮೇಲಿದ್ದ ಮೇಷ್ಟ್ರನ್ನು ತಂದು ಮ್ಯಾನೇಜರ ಮುಂದಿಟ್ಟ.

‘ಇದನ್ನ ತರಿಸಿ. ಇದರಲ್ಲಿ ನನಗೆ ಒಂದಕ್ಷರ ಕೇಳಿಸಲ್ಲ. ಕೇಳಿಸೋ ಕಿವಿ ಇರೋರಿಗೆ ಇದೇ ಸರಿ. ಗುಂಡಿ ಚಿಕ್ಕದು, ಅದಕ್ಕೆ ಹಳೇ ಟ್ಯೂಬಿನ ರಬ್ಬರು ಕತ್ತರಿಸಿ ಅಂಟಿಸ್ತೀನಿ. ಗೇಟಲ್ಲಿ ಕೂತು ಮಾಡೋ ಕೆಲಸ ತಾನೆ.’

ಮ್ಯಾನೇಜರು ಅದನ್ನು ಹಾಗೆಯೇ ತಿರುಗಿ ಹೇಳಿ, ಚೀಟಿಯಲ್ಲಿ ಬರೆದುಕೊಂಡು ಹೊರಗೆ ಹೋದರು. ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಅವಳು ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು ಕೂತಳು.

‘ಎರಡು ವರ್ಷ ನನ್ನ ಮಾತಿಗೆ ಈ ಮನುಷ್ಯನ ಹತ್ರ ಬೆಲೆ ಇಲ್ಲ ಅಂದ್ಕೊಂಡಿದ್ದೆ’ ಅಂದಳು. ‘ಎಷ್ಟು ಅತ್ತಿದ್ದೀನಿ ಗೊತ್ತಾ?’

ಅವನು ಅವಳ ತುಟಿಯಿಂದ ಒಂದು ಮಾತನ್ನೂ ಬಿಡದೆ ಓದಿದ.

‘ಬೆಲೆ ಇತ್ತು ಕಣೆ. ಮಾತೇ ತಲುಪ್ತಿರಲಿಲ್ಲ’ ಅಂದ.

ನಿಯಮ ನಿಯಮವೇ ಅಂತ ಅವಳೂ ಬಾಯ್ಬಿಟ್ಟು ತಿರುಗಿ ಹೇಳಿದಳು, ‘ಬೆಲೆ ಇತ್ತು. ಮಾತು ತಲುಪ್ತಿರಲಿಲ್ಲ.’